ಅಂಗೈಯಗಲದ ಎದೆಗೆ ಎಷ್ಟು ಬೆಳಕು?

28 ವಾರಕ್ಕೇ ಹುಟ್ಟಿದ ಕೂಸು. ತೂಕ ಒಂದು ಕೆಜಿ, ಅಂಗಡಿಯ ಸಕ್ಕರೆ ಪೊಟ್ಟಣದಷ್ಟು. ಟೆಕ್ನಿಷಿಯನ್ ಗಾಲಿಯ ಎಕ್ಸ್‌ರೇ ಯಂತ್ರವನ್ನು ಇನ್‌ಕ್ಯುಬೇಟರ್ ಪಕ್ಕಕ್ಕೆ ಉರುಳಿಸಿ ತಂದು 'ಎಕ್ಸ್‌ರೇ' ಎಂದು ಕೂಗುತ್ತಲೇ ನರ್ಸ್‌ಗಳು ಹಿಂದೆ ಸರಿಯುತ್ತಾರೆ. ಬಾಗಿಲಲ್ಲಿ ನಿಂತ ತಾಯಿಯ ಎದೆ ಧಸಕ್ಕೆನ್ನುವುದು ಆಗಲೇ.

ಎಕ್ಸ್‌ರೇ ಬೇಡ ಎನ್ನುವಂತಿಲ್ಲ. ಬಲಿಯದ ಶ್ವಾಸಕೋಶದ ಗಾಳಿಚೀಲಗಳು ಮತ್ತೆ ಮತ್ತೆ ಮುದುಡಿಕೊಳ್ಳುತ್ತವೆ. ಉಸಿರಾಟಕ್ಕೆಂದು ಒಳಗೆ ಇಳಿಸಿದ ನಳಿಕೆ ಒಂದು ಸೆಂಟಿಮೀಟರ್ ಕೆಳಗಿಳಿದರೂ ಗಾಳಿಯೆಲ್ಲ ಬಲ ಶ್ವಾಸಕೋಶಕ್ಕೇ ಹೋಗಬಹುದು. ಹೀಗಾಗಿ ತೀರಾ ಪುಟ್ಟ ಮಕ್ಕಳಿಗೆ ಕೆಲವೇ ವಾರಗಳಲ್ಲಿ ಹತ್ತಾರು ಎಕ್ಸ್‌ರೇ ಆಗುವುದುಂಟು.

ಒಂದು ಸಲಕ್ಕೆ ತಗಲುವ ವಿಕಿರಣ ಸಾಮಾನ್ಯವಾಗಿ 0.01ರಿಂದ 0.03 ಮಿಲಿಸೀವರ್ಟ್. ನೆಲ, ಆಕಾಶ, ಗಾಳಿ, ಅನ್ನಾಹಾರಗಳಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ಸೇರುತ್ತದೆ. ಲೆಕ್ಕ ಹಾಕಿದರೆ ಒಂದು ಎಕ್ಸ್‌ರೇ ಎಂದರೆ ಹೆಚ್ಚುಕಡಿಮೆ ಎರಡರಿಂದ ಐದು ದಿನ ಸುಮ್ಮನೆ ಬದುಕಿದಷ್ಟು.

ಹಾಗಾದರೆ ಚಿಂತೆ ಯಾಕೆ? 1950ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯೆ ಆಲಿಸ್ ಸ್ಟೀವರ್ಟ್, ಕ್ಯಾನ್ಸರಿನಿಂದ ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನು ವಿಚಾರಿಸಿದರು. ಬಸಿರಿನಲ್ಲಿ ಹೊಟ್ಟೆಯ ಎಕ್ಸ್‌ರೇ ತೆಗೆಸಿಕೊಂಡವರ ಸಂಖ್ಯೆ ಅವರಲ್ಲಿ ಎದ್ದು ಕಾಣುವಷ್ಟು ಹೆಚ್ಚಿತ್ತು. ಮೊದಮೊದಲು ಆಕೆಯ ಮಾತನ್ನು ನಂಬಿದವರು ಕಡಿಮೆ. ಎಳೆಯ ಮೈಗೆ ಅಪಾಯ ಹೆಚ್ಚಲು ಕಾರಣವಿದೆ: ಬೆಳೆಯುವ ಜೀವಕೋಶ ಭರದಿಂದ ಒಡೆದು ಎರಡಾಗುತ್ತಿರುತ್ತದೆ, ಪೆಟ್ಟು ಬೇಗ ತಾಗುತ್ತದೆ. ಆ ಪೆಟ್ಟು ರೋಗವಾಗಿ ತಲೆಯೆತ್ತಲು ಮುಂದೆ ಇಡೀ ಆಯುಸ್ಸೂ ಇದೆ. ಜೊತೆಗೆ ದೊಡ್ಡವರ ಹಾಗಲ್ಲ, ಕೂಸಿನ ಕೈಕಾಲಿನ ಮೂಳೆಗಳಲ್ಲೂ ರಕ್ತ ಹುಟ್ಟಿಸುವ ಕೆಂಪು ಮಜ್ಜೆ ತುಂಬಿರುತ್ತದೆ.

ಅದಕ್ಕೇ ನನ್ನ ಕಣ್ಣು ಎಕ್ಸ್‌ರೇ ಎಷ್ಟಾಯಿತು ಎನ್ನುವುದಕ್ಕಿಂತ ಎಷ್ಟು ಅಗಲಕ್ಕೆ ಬಿತ್ತು ಎನ್ನುವ ಕಡೆಗೆ. ಗುಂಡಿ ಒತ್ತುವ ಮುಂಚೆ ಯಂತ್ರ ಮಗುವಿನ ಮೈಮೇಲೆ ಬೆಳಕಿನ ಚೌಕವೊಂದನ್ನು ಚೆಲ್ಲುತ್ತದೆ. ಕಿರಣ ಬೀಳುವುದೂ ಅಷ್ಟೇ ಜಾಗಕ್ಕೆ. ಎರಡು ತಿರುಗಣೆ ತಿರುಗಿಸಿ ಅದನ್ನು ಎದೆಯ ಅಳತೆಗೆ ಕಿರಿದು ಮಾಡಬಹುದು. ಈ ಮೈಯಲ್ಲಿ ಥೈರಾಯ್ಡ್‌ನಿಂದ ಜನನಾಂಗದವರೆಗೆ ಎಲ್ಲವೂ ಒಂದು ಗೇಣಿನೊಳಗೇ ಇರುವುದರಿಂದ ಎರಡು ಬೆರಳಿನಗಲ ಉಳಿಸಿದರೂ ಉಳಿಸಿದ್ದೇ. ಅವಸರದಲ್ಲಿ ತೆಗೆದ ಚಿತ್ರದಲ್ಲಿ ಮಗುವಿನ ದವಡೆ, ತೊಡೆ, ಕೊನೆಗೆ ಅದನ್ನು ಹಿಡಿದುಕೊಂಡ ನರ್ಸಿನ ಬೆರಳ ಮೂಳೆಗಳೂ ಮೂಡುತ್ತವೆ. ಹಿಂದೆ ಫಿಲ್ಮು ಆ ತಪ್ಪನ್ನು ಮುಚ್ಚಿಡುತ್ತಿರಲಿಲ್ಲ. ಈಗ ಕಂಪ್ಯೂಟರಿನಲ್ಲಿ ಅಂಚು ಕತ್ತರಿಸಿದರೆ ಚಿತ್ರವೇನೋ ಅಚ್ಚುಕಟ್ಟು, ಬಿದ್ದ ಕಿರಣ ಮಾತ್ರ ಬಿದ್ದದ್ದೇ.

ಶ್ವಾಸಕೋಶವನ್ನು ವಿಕಿರಣವಿಲ್ಲದ ಅಲ್ಟ್ರಾಸೌಂಡಿನಲ್ಲೇ ನೋಡುವ ರೂಢಿ ಬೆಳೆಯುತ್ತಿದೆ. ಆದರೂ ನಳಿಕೆಯ ತುದಿ ಎಲ್ಲಿದೆ ಎಂದು ಖಾತ್ರಿಪಡಿಸಿಕೊಳ್ಳಲು ಹೆಚ್ಚಿನ ಕಡೆ ಇವತ್ತಿಗೂ ಗಾಲಿ ಯಂತ್ರವೇ ಬರಬೇಕು.