ಆಕಾಶದಲ್ಲೊಂದು ಉಪ್ಪುಮೂಟೆ

ಚಿಕ್ಕವರಿದ್ದಾಗ ಉಪ್ಪುಮೂಟೆ ಆಡದವರು ಯಾರಿದ್ದಾರೆ ಹೇಳಿ? ಒಬ್ಬ ಬಗ್ಗೋದು, ಇನ್ನೊಬ್ಬ ಬೆನ್ನೇರಿ ಕೂರೋದು, ಆಮೇಲೆ ಇಬ್ಬರೂ ದೊಪ್ಪಂತ ಬೀಳೋದು. ಇದೇ ಆಟವನ್ನು ಎರಡು ಬಾಂಬರ್ ವಿಮಾನಗಳು ಆಡಿದ್ದವು ಅಂದರೆ ನಂಬುತ್ತೀರಾ? ನಾನೂ ಮೊದಲು ನಂಬಿರಲಿಲ್ಲ.

‘ಮಾಸ್ಟರ್ಸ್ ಆಫ್ ದಿ ಏರ್’ ಸರಣಿ 2024ರಲ್ಲಿ ಬಂತಲ್ಲ, ಅದನ್ನು ಒಂದು ವೀಕೆಂಡ್ ಪೂರ್ತಿ ಕೂತು ನೋಡಿ ಮುಗಿಸಿದೆ. ಅಮೆರಿಕದ 100ನೇ ಬಾಂಬ್ ಗ್ರೂಪಿನ ಕಥೆ ಅದು. ಇಂಗ್ಲೆಂಡಿನ ಥಾರ್ಪ್ ಅಬಟ್ಸ್ ಎಂಬ ಹಳ್ಳಿಯ ನೆಲೆಯಿಂದ ಹಾರಿ ಜರ್ಮನಿಯ ಮೇಲೆ ಬಾಂಬ್ ಹಾಕಿ ಬರುತ್ತಿದ್ದ ಹುಡುಗರು. ವಾಪಸ್ ಬಾರದವರೇ ಎಷ್ಟೋ ಮಂದಿ, ಅದಕ್ಕೇ ‘ಬ್ಲಡಿ ಹಂಡ್ರೆಡ್ತ್’ ಅನ್ನೋ ಅಡ್ಡಹೆಸರು. ಸರಣಿ ಮುಗಿದ ಮೇಲೆ ಆ ಗ್ರೂಪಿನ ಬಗ್ಗೆ ಓದುತ್ತಾ ಹೋದಾಗ ಸಿಕ್ಕವನು ಗ್ಲೆನ್ ರೋಜಾನ್. ಪೆನ್ಸಿಲ್ವೇನಿಯಾದ ಮೆಕೀಸ್ಪೋರ್ಟ್‌ನವನು. ಆಗ ಅವನಿಗೆ ವಯಸ್ಸು ಬರೀ 22. ಆ ವಯಸ್ಸಿನಲ್ಲಿ ನಾನು ಕ್ಯಾಂಪಸ್ ಇಂಟರ್‌ವ್ಯೂಗೆ ಟೈ ಕಟ್ಟೋದು ಹೇಗೆ ಅಂತ ಕಲಿಯುತ್ತಿದ್ದೆ.

1944ರ ಡಿಸೆಂಬರ್ 31. ಹ್ಯಾಂಬರ್ಗ್ ಮೇಲೆ ಬಾಂಬ್ ಹಾಕಿ ಹಿಂತಿರುಗುವಾಗ ಉತ್ತರ ಸಮುದ್ರದ ಮೇಲೆ ಜರ್ಮನ್ ಫೈಟರ್‌ಗಳು ಮುಗಿಬಿದ್ದವು. ಆ ದಿನ ಈ ಗ್ರೂಪಿನ 12 ವಿಮಾನಗಳು ವಾಪಸಾಗಲಿಲ್ಲ. ರೋಜಾನ್‌ನ ಹತ್ತಿರವಿದ್ದ ಒಂದು ವಿಮಾನ ಉರಿದು ಬಿತ್ತು. ಸಾಲಿನಲ್ಲಿ ಜಾಗ ಖಾಲಿ ಬಿಟ್ಟರೆ ಶತ್ರು ಒಳನುಗ್ಗುತ್ತಾನೆ, ಹಾಗಾಗಿ ಅದನ್ನು ತುಂಬಲು ಇವನು ಮುಂದೆ ಸರಿದ. ಅದೇ ಹೊತ್ತಿಗೆ ಕೆಳಗಿನಿಂದ ವಿಲಿಯಂ ಮ್ಯಾಕ್‌ನ್ಯಾಬ್‌ನ ವಿಮಾನ ಮೇಲೆದ್ದು ಬಂತು. ಯಾಕೆ ಬಂತು ಅಂತ ಹೇಳಬಹುದಾಗಿದ್ದ ಆ ವಿಮಾನದ ಇಬ್ಬರು ಪೈಲಟ್‌ಗಳೂ ಅದರ ಜೊತೆಗೇ ಹೋದರು.

ಎರಡೂ ಬಿ-17. ಖಾಲಿ ಇದ್ದಾಗಲೇ ಒಂದೊಂದೂ ಸುಮಾರು 16 ಟನ್ ತೂಗುತ್ತವೆ. ಡಿಕ್ಕಿ ಹೊಡೆದ ಮೇಲೆ ಬೇರೆಯಾಗಲೇ ಇಲ್ಲ. ಕೆಳಗಿನದರ ನೆತ್ತಿಯ ಮೇಲಿದ್ದ ಗನ್ ಗೋಪುರ ಮೇಲಿನದರ ಹೊಟ್ಟೆಗೆ ಚುಚ್ಚಿಕೊಂಡಿತು, ಮೇಲಿನದರ ಹೊಟ್ಟೆಯಡಿ ಇದ್ದ ಚೆಂಡಿನಾಕಾರದ ಗೋಪುರ ಕೆಳಗಿನದರ ಬೆನ್ನಲ್ಲಿ ಹೂತುಹೋಯಿತು. ಕೆಳಗಿನದರ ಮೂರು ಎಂಜಿನ್ ಇನ್ನೂ ಓಡುತ್ತಿದ್ದವು, ನಾಲ್ಕನೆಯದಕ್ಕೆ ಬೆಂಕಿ. ಎಂಜಿನ್ ಜೋರು ಮಾಡಿ ಕಿತ್ತುಕೊಳ್ಳಲು ರೋಜಾನ್ ನೋಡಿದ, ಆಗಲಿಲ್ಲ. ಬೆಂಕಿ ಹಬ್ಬಬಾರದು ಅಂತ ತನ್ನ ನಾಲ್ಕೂ ಎಂಜಿನ್ ಆಫ್ ಮಾಡಿದ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಬಿ-17ರ ಸ್ಟಿಯರಿಂಗ್‌ಗೆ ಪವರ್ ಇಲ್ಲ. ಪೈಲಟ್ ಎಳೆದದ್ದು ಉಕ್ಕಿನ ಕೇಬಲ್ ಮೂಲಕ ನೇರ ಬಾಲಕ್ಕೆ, ರೆಕ್ಕೆಗೆ. ಬಾವಿಯಿಂದ ಕೊಡ ಸೇದಿದ ಹಾಗೆ, ತೂಕವೆಲ್ಲ ತೋಳಿಗೇ. ಈಗ ಕೆಳಗೆ ನೇತಾಡುತ್ತಿರುವ ಇನ್ನೊಂದು ವಿಮಾನವನ್ನೂ ಸೇರಿಸಿ ಸೇದಬೇಕು! ರೋಜಾನ್ ಮತ್ತು ಕೋ-ಪೈಲಟ್ ವಿಲಿಯಂ ಲೀಕ್, ಇಬ್ಬರೂ ಎದುರಿನ ಪ್ಯಾನೆಲ್‌ಗೆ ಕಾಲು ಒದ್ದು ಹಿಡಿದು ಮೈಯೆಲ್ಲ ಶಕ್ತಿ ಹಾಕಿ ಎಳೆದರು. ಸಮುದ್ರಕ್ಕೆ ಹಾರಿದವರು ಚಳಿಗೇ ಸಾಯುತ್ತಾರೆ ಅಂತ ಈ ಜೋಡಿ ವಿಮಾನವನ್ನು ನೆಲದ ಕಡೆಗೆ, ಅಂದರೆ ಜರ್ಮನಿಯ ಕಡೆಗೇ ತಿರುಗಿಸಿದರು. ವಾಂಗರೂಗೆ ದ್ವೀಪದಲ್ಲಿದ್ದ ಜರ್ಮನ್ ಫಿರಂಗಿ ಪಡೆಯ ಅಧಿಕಾರಿ ಈ ವಿಚಿತ್ರವನ್ನು ನೋಡಿ, ಇವು ಹೇಗೂ ಬೀಳುತ್ತವೆ ಅಂತ ಗುಂಡು ಹಾರಿಸೋದನ್ನೇ ನಿಲ್ಲಿಸಿದನಂತೆ.

ಆದರೆ ನನ್ನನ್ನು ರಾತ್ರಿ ನಿದ್ದೆಗೆಡಿಸಿದ್ದು ಪೈಲಟ್‌ಗಳ ಕಥೆಯಲ್ಲ. ಆ ಚೆಂಡಿನ ಗೋಪುರದಲ್ಲಿ ಜೋ ರೂಸೋ ಎಂಬ ಗನ್ನರ್ ಇದ್ದ. ಗನ್ನು ನೇರ ಕೆಳಮುಖ ಮಾಡಿದರೆ ಮಾತ್ರ ಅದರ ಬಾಗಿಲು ವಿಮಾನದೊಳಕ್ಕೆ ತೆರೆದುಕೊಳ್ಳುತ್ತದೆ. ಕೆಳಗಿನ ವಿಮಾನದ ಗನ್ನರ್ ತನ್ನ ಗೋಪುರವನ್ನು ಕೈಯಿಂದಲೇ ತಿರುಗಿಸಿಕೊಂಡು ಹೊರಬಂದು ಬದುಕಿದ. ರೂಸೋನ ಗೋಪುರವೋ ಎರಡು ವಿಮಾನಗಳ ನಡುವೆ ಕಚ್ಚಿಕೊಂಡಿತ್ತು. ಸಂಗಡಿಗರು ಪ್ರಯತ್ನಪಟ್ಟರು, ಅಲುಗಾಡಲಿಲ್ಲ. ಅವನು ಮೇರಿ ಮಾತೆಯ ಪ್ರಾರ್ಥನೆ ಹೇಳುತ್ತಿದ್ದದ್ದು ಇಂಟರ್‌ಫೋನಿನಲ್ಲಿ ಲೀಕ್‌ಗೆ ಕೇಳಿಸುತ್ತಿತ್ತು. ಸಹಾಯವಂತೂ ಮಾಡಲಾರೆ, ಅವನ ಏಕಾಂತಕ್ಕೆ ನಾನ್ಯಾಕೆ ನುಗ್ಗಲಿ ಅನ್ನಿಸಿ ಲೀಕ್ ತನ್ನ ಹೆಲ್ಮೆಟ್ ಕಿತ್ತುಬಿಟ್ಟ. ಇದನ್ನು ಓದಿ ಲ್ಯಾಪ್‌ಟಾಪ್ ಮುಚ್ಚಿ ಬಾಲ್ಕನಿಗೆ ಹೋಗಿ ನಿಂತೆ. ಅಲ್ಲಿ ಇನ್ನೇನು ಮಾಡಬಹುದಿತ್ತು ಅಂತ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಉಳಿದವರಿಗೆ ಹಾರಿ ಅಂತ ರೋಜಾನ್ ಹೇಳಿದ. ಲೀಕ್‌ಗೂ ಹೇಳಿದ. ಲೀಕ್ ಒಪ್ಪಲಿಲ್ಲ. ತಾನು ಕೈಬಿಟ್ಟರೆ ಒಬ್ಬನಿಂದ ಇದನ್ನು ಹಿಡಿಯಲಾಗದು, ಗಿರಗಿರ ತಿರುಗಿ ಬೀಳುತ್ತದೆ, ರೋಜಾನ್‌ಗೆ ಹಾರುವ ಅವಕಾಶವೇ ಸಿಗೋಲ್ಲ ಅನ್ನೋದು ಅವನಿಗೆ ಗೊತ್ತಿತ್ತು. ಆಜ್ಞೆ ಮೀರಿ ಕೂತೇ ಇದ್ದ.

ವಿಲ್ಹೆಲ್ಮ್ಸ್‌ಹಾವೆನ್ ಹತ್ತಿರದ ಟೆಟೆನ್ಸ್ ಎಂಬಲ್ಲಿ ಈ ಉಪ್ಪುಮೂಟೆ ನೆಲಕ್ಕೆ ಬಿತ್ತು. ಕೆಳಗಿನ ವಿಮಾನ ಸ್ಫೋಟಿಸಿತು, ಮೇಲಿನದು ಮುಂದಕ್ಕೆ ಚಿಮ್ಮಿ ಜಾರುತ್ತಾ ಹೋಗಿ ರೆಕ್ಕೆಯಿಂದ ಒಂದು ಮರದ ಕಟ್ಟಡವನ್ನು ಸೀಳಿ ನಿಂತಿತು. ಮೂಗು, ಕಾಕ್‌ಪಿಟ್, ಇವರಿಬ್ಬರು ಕೂತ ಸೀಟು, ಇಷ್ಟು ಬಿಟ್ಟರೆ ಹೆಚ್ಚೇನೂ ಉಳಿದಿರಲಿಲ್ಲ. ಇಬ್ಬರೂ ನಡೆದೇ ಹೊರಬಂದರು! ರೆಕ್ಕೆಯ ಮೇಲೆ ನಿಂತ ಲೀಕ್ ಅಭ್ಯಾಸಬಲದಿಂದ ಸಿಗರೇಟು ಬಾಯಿಗಿಟ್ಟ. ಬಂದೂಕು ಹಿಡಿದು ಬಂದ ಜರ್ಮನ್ ಸೈನಿಕನೊಬ್ಬ ಅದನ್ನು ಕಿತ್ತು ಬಿಸಾಡಿ, ನೆಲದ ಮೇಲೆ ಹರಿಯುತ್ತಿದ್ದ ಪೆಟ್ರೋಲ್ ತೋರಿಸಿದ. ಅಷ್ಟೆಲ್ಲ ಪಾರಾಗಿ ಬಂದವನನ್ನು ಒಂದು ಬೆಂಕಿಕಡ್ಡಿಯಿಂದ ಉಳಿಸಿದ್ದು ಶತ್ರು. ವಿಚಾರಣೆಯಲ್ಲಿ ಜರ್ಮನ್ನರಿಗೆ ಬಂದ ಅನುಮಾನವೋ ಇನ್ನೂ ಸ್ವಾರಸ್ಯ. ಅಮೆರಿಕನ್ನರು ಎಂಟು ಎಂಜಿನ್‌ಗಳ ಹೊಸ ರಹಸ್ಯಾಸ್ತ್ರ ಮಾಡಿದ್ದಾರೆ ಅಂತ!

ಯುದ್ಧ ಮುಗಿಯುವವರೆಗೂ ಸೆರೆ. ಆಮೇಲೆ ರೋಜಾನ್ ಊರಿಗೆ ಮರಳಿ ಮನೆಯವರ ಏರ್ ಕಂಡೀಷನಿಂಗ್ ವ್ಯವಹಾರ ಸೇರಿಕೊಂಡ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್, ಪರ್ಪಲ್ ಹಾರ್ಟ್ ಪದಕಗಳು ಬಂದವು. ಬರದೇ ಇದ್ದದ್ದು ಲೀಕ್‌ನ ಸುದ್ದಿ. ಒಂದೇ ಕಾಕ್‌ಪಿಟ್ಟಿನಲ್ಲಿ ಪ್ರಾಣ ಹಿಡಿದು ಕೂತಿದ್ದವರು, ಯುದ್ಧ ಮುಗಿದ ಮೇಲೆ ಒಬ್ಬರಿಗೊಬ್ಬರು ಸಿಗಲೇ ಇಲ್ಲ. ಈಗಾದರೆ ಫೇಸ್‌ಬುಕ್ಕಿನಲ್ಲಿ ಎರಡು ನಿಮಿಷದ ಕೆಲಸ. ರೋಜಾನ್ ಹುಡುಕುತ್ತಾ ಕಳೆದದ್ದು 40 ವರ್ಷ.

ಕೊನೆಗೆ 1986ರಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿದ್ದ ಲೀಕ್‌ನ ತಾಯಿಯ ಫೋನ್ ನಂಬರ್ ಸಿಕ್ಕಿತು. ಫೋನ್ ಮಾಡಿದ. ನನ್ನ ಮಗನ ಜೊತೆಗೇ ಮಾತಾಡ್ತೀರಾ ಅಂತ ಆಕೆ ಕೇಳಿದರು. ಕ್ಯಾಲಿಫೋರ್ನಿಯಾದಲ್ಲಿದ್ದ ಲೀಕ್ ಅಮ್ಮನನ್ನು ನೋಡಲು ಬಂದು ಆಗ ಅದೇ ಕೋಣೆಯಲ್ಲಿ ಕೂತಿದ್ದ!

ಮರುವರ್ಷ ಲಾಂಗ್ ಬೀಚ್‌ನಲ್ಲಿ 100ನೇ ಗ್ರೂಪಿನ ಹಳಬರ ಸಮಾವೇಶ ನಡೆದಾಗ ಇಬ್ಬರೂ ಎದುರಾದರು. ಅದರ ಮುಂದಿನ ವರ್ಷವೇ ಲೀಕ್ ತೀರಿಕೊಂಡ. ರೋಜಾನ್ 2003ರವರೆಗೂ ಬದುಕಿದ್ದ. ತಾನು ಇವತ್ತು ಬದುಕಿರೋದು ನನ್ನ ಕೋ-ಪೈಲಟ್‌ನಿಂದ ಅಂತ ಯಾರು ಕೇಳಿದರೂ ಹೇಳುತ್ತಿದ್ದನಂತೆ.