ರಾಗಿಕಲ್ಲು ಸ್ಟುಡಿಯೋಗೆ ಬಂದ ದಿನ

ಕಳೆದ ಬೇಸಿಗೆ ರಜೆಯ ಒಂದು ಮಧ್ಯಾಹ್ನ ಮೊಮ್ಮಗಳು ಮನೆಯಲ್ಲಿ ಕಾಣಲಿಲ್ಲ. ಮಹಡಿ, ಹಿತ್ತಲು, ಪಕ್ಕದ ಮನೆ ಎಲ್ಲ ನೋಡಿಯಾಯಿತು. ಕೊನೆಗೆ ನನ್ನ ಕೋಣೆಯ ಗೋಡೆಬೀರುವಿನೊಳಗಿಂದ ಸಣ್ಣಗೆ ಮಾತು ಕೇಳಿಸಿತು. ಬಾಗಿಲು ತೆಗೆದರೆ, ನೇತುಹಾಕಿದ ಸೀರೆಗಳ ನಡುವೆ ಕಾಲು ಮಡಿಸಿ ಕೂತು, ಮೊಬೈಲನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಕತೆ ಓದುತ್ತಿದ್ದಾಳೆ!

"ಅಜ್ಜೀ, ಬಾಗಿಲು ಹಾಕು. ರೆಕಾರ್ಡಿಂಗ್ ನಡೀತಿದೆ" ಎಂದು ನನಗೇ ಗದರಿದಳು.

ಶಾಲೆಯಲ್ಲಿ ಒಂದು ಕತೆಯನ್ನು ಓದಿ ಧ್ವನಿಮುದ್ರಿಸಿ ತರಲು ಹೇಳಿದ್ದರಂತೆ. ಹಾಲ್‌ನಲ್ಲಿ ಓದಿದರೆ ದನಿ ಗಂಯ್ ಎನ್ನುತ್ತದೆ, ಬೀರುವಿನಲ್ಲಿ ಹಾಗೆ ಆಗುವುದಿಲ್ಲ ಎಂದು ತಾನೇ ಕಂಡುಹಿಡಿದಿದ್ದಳು. ನನಗೆ ನಗು ಬಂತು. ಇಪ್ಪತ್ತು ವರ್ಷಕ್ಕೂ ಮೇಲೆ ನಾನು ನಮ್ಮೂರಿನ ರೇಡಿಯೋ ಕೇಂದ್ರದಲ್ಲಿ ತಾತ್ಕಾಲಿಕ ಉದ್ಘೋಷಕಿಯಾಗಿದ್ದವಳು. ಆ ಗಂಯ್ ಎನ್ನುವ ಸದ್ದನ್ನು ಓಡಿಸಲು ಅಲ್ಲಿ ಎಷ್ಟು ಖರ್ಚು ಮಾಡಿ ಕೋಣೆ ಕಟ್ಟಿದ್ದರು! ಇವಳು ನನ್ನ ಸೀರೆಗಳಲ್ಲೇ ಕೆಲಸ ಮುಗಿಸಿಬಿಟ್ಟಿದ್ದಾಳೆ.

ಮಕ್ಕಳೇ, ನೀವೂ ಒಮ್ಮೆ ಮಾಡಿ ನೋಡಿ. ಸಾಮಾನಿಲ್ಲದ ಖಾಲಿ ಕೋಣೆಯಲ್ಲಿ ಒಂದು ಚಪ್ಪಾಳೆ ತಟ್ಟಿ. ಆಮೇಲೆ ಹಾಸಿಗೆ, ಪರದೆ, ಬಟ್ಟೆ ತುಂಬಿದ ಕೋಣೆಯಲ್ಲಿ ಇನ್ನೊಂದು ತಟ್ಟಿ. ಗಟ್ಟಿ ಗೋಡೆ ಸದ್ದನ್ನು ಚೆಂಡಿನಂತೆ ವಾಪಸು ಎಸೆಯುತ್ತದೆ, ಮೆತ್ತನೆಯ ಬಟ್ಟೆ ಅದನ್ನು ನುಂಗಿಕೊಳ್ಳುತ್ತದೆ. ನಮ್ಮ ಸ್ಟುಡಿಯೋದ ಗೋಡೆಗಳಿಗೆ ತೂತುತೂತಾದ ಹಲಗೆ ಹೊಡೆದಿದ್ದದ್ದು, ಅದರ ಹಿಂದೆ ಹತ್ತಿಯಂಥ ವಸ್ತು ತುಂಬಿದ್ದದ್ದು ಇದಕ್ಕೇ. ಒಳಗೆ ಹೋಗಲು ಒಂದರ ಹಿಂದೆ ಒಂದು ಎರಡು ದಪ್ಪ ಬಾಗಿಲು. ಮೊದಲನೆಯದು ಮುಚ್ಚಿಕೊಂಡ ಮೇಲೇ ಎರಡನೆಯದನ್ನು ತೆರೆಯಬೇಕು. ಮೇಲೆ ಕೆಂಪು ದೀಪ ಉರಿಯುತ್ತಿದ್ದರೆ ದೊಡ್ಡ ಸಾಹೇಬರೂ ಹೊರಗೇ ನಿಲ್ಲಬೇಕು. ಮೊದಲ ದಿನ ಆ ಕೋಣೆಯಲ್ಲಿ ಕೂತಾಗ ನನ್ನ ಎದೆಬಡಿತ ನನಗೇ ಕೇಳಿಸಿತ್ತು.

ನಮ್ಮಲ್ಲಿ ಮೂರು ಸ್ಟುಡಿಯೋ ಇದ್ದವು. ಉದ್ಘೋಷಣೆಗೆ ಒಂದು ಚಿಕ್ಕದು, ಭಾಷಣ-ಸಂದರ್ಶನಕ್ಕೆ ಒಂದು, ನಾಟಕ-ಸಂಗೀತಕ್ಕೆ ಒಂದು ದೊಡ್ಡದು. ದೊಡ್ಡದರಲ್ಲಿ ಒಂದು ಮೂಲೆಯನ್ನು ದನಿ ಮೊಳಗುವಂತೆ, ಇನ್ನೊಂದು ಮೂಲೆಯನ್ನು ದನಿ ಸಾಯುವಂತೆ ಮಾಡಿದ್ದರು. ರಾಜನ ಆಸ್ಥಾನ ಬೇಕಾದರೆ ಆ ಕಡೆ ನಿಲ್ಲುವುದು, ಬಯಲು ಬೇಕಾದರೆ ಈ ಕಡೆ. ಕುದುರೆ ಓಡಬೇಕೆ? ತೆಂಗಿನಕಾಯಿಯ ಎರಡು ಚಿಪ್ಪು. ಗುಡುಗಬೇಕೆ? ತಗಡಿನ ಹಾಳೆ ಹಿಡಿದು ಅಲ್ಲಾಡಿಸುವುದು. ಮೊರದಲ್ಲಿ ಸಾಸಿವೆ ಉರುಳಿಸಿದರೆ ಮಳೆ, ಗರಿಗರಿ ಕಾಗದ ಮುದುಡಿದರೆ ಬೆಂಕಿ. ಮಕ್ಕಳ ಕಾರ್ಯಕ್ರಮಕ್ಕೆ ಬಂದ ಹುಡುಗರು ನಾಟಕ ಮರೆತು ತಗಡು ಅಲ್ಲಾಡಿಸಲು ಜಗಳ ಆಡುತ್ತಿದ್ದರು.

ಈ ದೊಡ್ಡ ಸ್ಟುಡಿಯೋಗೇ ಒಂದು ದಿನ ರಾಗಿಕಲ್ಲು ಬಂತು.

ಹತ್ತಿರದ ಹಳ್ಳಿಯೊಂದರಿಂದ ಒಬ್ಬ ಅಜ್ಜಿಯನ್ನು ರಾಗಿ ಬೀಸುವ ಪದ ಹಾಡಲು ಕರೆಸಿದ್ದರು. ತೊಂಬತ್ತರ ದಶಕ. ಅಜ್ಜಿಗೆ ಎಪ್ಪತ್ತರ ಮೇಲೆ ವಯಸ್ಸು. ಮೊಮ್ಮಗನ ಕೈ ಹಿಡಿದುಕೊಂಡು ಬೆಳಗಿನ ಬಸ್ಸಿಗೆ ಬಂದಿದ್ದರು. ಚಪ್ಪಲಿಯನ್ನು ಹೊರಗೇ ಬಿಟ್ಟು, ಒಳಗೆ ಬಂದು, ಮೈಕಿಗೆ ಒಂದು ಸಲ ಕೈ ಮುಗಿದರು. ಕುರ್ಚಿಯಲ್ಲಿ ಕೂರಿಸಿ "ಹಾಡಿ ಅಜ್ಜಿ" ಎಂದರೆ ಬಾಯಿ ಬಿಡಲೊಲ್ಲರು. ಒಂದು ಸಾಲು ಶುರು ಮಾಡುತ್ತಾರೆ, ನಿಲ್ಲಿಸುತ್ತಾರೆ. ಕೈ ಮಾತ್ರ ಮಡಿಲಲ್ಲಿ ಗಿರಗಿರ ತಿರುಗುತ್ತಿದೆ. ಕೊನೆಗೆ ನನ್ನ ಮುಖ ನೋಡಿ ಅಂದರು: "ಕಲ್ಲಿಲ್ದೆ ಪದ ಎಂಗವ್ವಾ ಬತ್ತದೆ?"

ಕಾರ್ಯಕ್ರಮ ನಿರ್ವಾಹಕರು ಒಂದು ಕ್ಷಣ ತಲೆ ಕೆರೆದುಕೊಂಡರು. ಆಮೇಲೆ ಜೀಪು ಕಳಿಸಿದರು. ಊರ ಅಂಚಿನ ಯಾರದೋ ಮನೆಯ ಹಿತ್ತಲಿನಿಂದ ರಾಗಿಕಲ್ಲು ಬಂತು, ಜೊತೆಗೆ ಒಂದು ಸೇರು ರಾಗಿ. ಕಲ್ಲಿನ ಗರಗರ ನೆಲಕ್ಕೆ ಇಳಿದು ಹಾಡನ್ನು ಮುಚ್ಚಿಬಿಡುತ್ತದೆ ಎಂದು ಎಂಜಿನಿಯರು ಅದರ ಕೆಳಗೆ ನಾಲ್ಕು ಪದರ ಗೋಣಿಚೀಲ ಹಾಸಿಸಿದರು. ಅಜ್ಜಿ ಸೀರೆ ಎತ್ತಿ ಕಟ್ಟಿಕೊಂಡು ನೆಲದ ಮೇಲೆ ಕೂತು ಗೂಟ ಹಿಡಿದರು ನೋಡಿ, ಹದಿನಾಲ್ಕು ನಿಮಿಷ ಎಲ್ಲೂ ತಡವರಿಸಲಿಲ್ಲ. ಗಾಜಿನ ಆಚೆ ನಿಂತಿದ್ದ ನಮಗೆ ಚಹಾ ಆರಿಹೋದದ್ದೂ ಗೊತ್ತಾಗಲಿಲ್ಲ. ಮುಗಿದ ಮೇಲೆ ಹಿಟ್ಟನ್ನು ಸೆರಗಿಗೆ ಕಟ್ಟಿಕೊಂಡು "ರಾತ್ರಿ ಮುದ್ದೆಗಾಯ್ತು" ಎಂದು ಹೊರಟರು. ಗೋಡೆಯ ಹಲಗೆಯ ತೂತುಗಳಲ್ಲಿ ರಾಗಿ ಹಿಟ್ಟು ಎಷ್ಟೋ ತಿಂಗಳು ಇತ್ತು. ಕಸ ಗುಡಿಸುವಾಕೆ ನನ್ನನ್ನೇ ಬೈಯುತ್ತಿದ್ದಳು, ಕಲ್ಲು ತರಿಸಿದ್ದು ನಾನೇ ಎಂಬಂತೆ.

ಇಂಥ ದಿನಗಳು ಒಮ್ಮೆಗೇ ನಿಂತುಹೋಗಲಿಲ್ಲ. ನಿಧಾನವಾಗಿ ಸವೆದವು. ಕಲಾವಿದರೊಬ್ಬರು ನಿವೃತ್ತರಾದರು, ಆ ಜಾಗಕ್ಕೆ ಯಾರೂ ಬರಲಿಲ್ಲ. ತಬಲಾದವರು ಹೋದರು, ಪಿಟೀಲಿನವರು ಹೋದರು. ಟೇಪಿನ ಯಂತ್ರಗಳು ಹೋಗಿ ಕಂಪ್ಯೂಟರ್ ಬಂತು. ಹಿಂದೆ ಟೇಪು ಸೆಕೆಂಡಿಗೆ ಏಳೂವರೆ ಇಂಚು ಓಡುತ್ತಿತ್ತು. ಹದಿನೈದು ನಿಮಿಷದ ಕಾರ್ಯಕ್ರಮಕ್ಕೆ ಸುಮಾರು 170 ಮೀಟರ್ ಟೇಪು ಬೇಕು. ತಪ್ಪಿದ ಕಡೆ ಬ್ಲೇಡಿನಿಂದ ಕತ್ತರಿಸಿ ಅಂಟಿಸಬೇಕು. ಈಗ ಅದೆಲ್ಲ ಒಂದು ಬೆರಳಿನ ಕೆಲಸ. ಅದರ ಬಗ್ಗೆ ನನಗೆ ದೂರಿಲ್ಲ, ಕತ್ತರಿಸಿ ಕತ್ತರಿಸಿ ನನ್ನ ಬೆರಳು ಎಷ್ಟು ಸಲ ಕುಯ್ದುಕೊಂಡಿದೆಯೋ! ಆದರೆ ಸಂಜೆಯ ಸ್ಥಳೀಯ ಕಾರ್ಯಕ್ರಮದ ಹೊತ್ತಿಗೆ ಬೇರೆ ಊರಿನ ಪ್ರಸಾರವನ್ನೇ ತಂದು ಕೇಳಿಸುವುದು ಶುರುವಾಯಿತು. ನಮ್ಮ ಸಂತೆಯ ಧಾರಣೆ, ನಮ್ಮ ಕೆರೆ ಕೋಡಿ ಬಿದ್ದ ಸುದ್ದಿ, ನಮ್ಮ ಶಾಲೆಯ ಮಕ್ಕಳ ಹಾಡು ಒಂದೊಂದೇ ಚಾರ್ಟಿನಿಂದ ಇಳಿದವು. ದೊಡ್ಡ ಸ್ಟುಡಿಯೋಗೆ ಹಳೆಯ ಕುರ್ಚಿ, ಕಡತ, ಕೆಟ್ಟ ಏರ್ ಕಂಡಿಷನರ್ ತಂದು ತುಂಬಿದರು. ಕೊನೆಯ ಸಲ ನಾನು ಇಣುಕಿದಾಗ ಗುಡುಗಿನ ತಗಡನ್ನು ಸೋರುವ ಕಿಟಕಿಗೆ ಅಡ್ಡ ಇಟ್ಟಿದ್ದರು. ನಿಜವಾದ ಮಳೆಗೆ ಅದು ಉಪಯೋಗವಾಯಿತಲ್ಲ ಎಂದುಕೊಂಡೆ.

ರೇಡಿಯೋ ವೇಷ ಬದಲಿಸಿದ್ದು ಇದು ಮೊದಲಲ್ಲ. 1950ರ ದಶಕದಲ್ಲಿ ವಾರ್ತಾ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಹಿಡಿಸುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಸಿನಿಮಾ ಹಾಡು ಕಡಿಮೆಯಾಗಿ ಶಾಸ್ತ್ರೀಯ ಸಂಗೀತ ಹೆಚ್ಚಿತು. ಕೇಳುಗರು ಏನು ಮಾಡಿದರು ಗೊತ್ತೆ? ಗುಂಡಿ ತಿರುಗಿಸಿ ಸಿಲೋನ್ ರೇಡಿಯೋ ಹಿಡಿದರು! ಅವರನ್ನು ವಾಪಸು ಕರೆತರಲು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಅಜ್ಜ ಅಜ್ಜಿಯರನ್ನು ಕೇಳಿ, ಅದರ ಹಾಡಿನ ಜೊತೆಗೇ ಒಲೆ ಮೇಲಿನ ಸಾರು ಕುದಿಯುತ್ತಿತ್ತು ಎನ್ನುತ್ತಾರೆ. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಬೆಂಗಳೂರಿನಲ್ಲೇ ಶುರುವಾಯಿತು. ಮೊದಮೊದಲು ಹಿಂದಿ, ಇಂಗ್ಲಿಷ್ ಹಾಡುಗಳದೇ ಮೇಲುಗೈ. ಬೆಂಗಳೂರಿನ ಕೇಳುಗರು ಕನ್ನಡ ಹಾಡು ಕೇಳುತ್ತಾರೆ ಎಂದು ಗೊತ್ತಾಗಲು ಕೆಲವು ವರ್ಷ ಹಿಡಿಯಿತು. ಮುಂದೆ 2011ರ ನಿಯಮಗಳು ಒಂದೇ ಕಂಪನಿಯ ಕೇಂದ್ರಗಳು ಕಾರ್ಯಕ್ರಮಗಳನ್ನು ಹಂಚಿಕೊಳ್ಳಲು ದೇಶದ ಉದ್ದಗಲಕ್ಕೂ ಅವಕಾಶ ಕೊಟ್ಟವು. ಒಂದೂರಿನ ಸ್ಟುಡಿಯೋದಲ್ಲಿ ಮಾತಾಡಿದ್ದು ಹತ್ತೂರಿನಲ್ಲಿ ಕೇಳಿಸಬಹುದು ಎಂದಾದ ಮೇಲೆ ಉಳಿದ ಒಂಬತ್ತು ಊರಲ್ಲಿ ದೊಡ್ಡ ಸ್ಟುಡಿಯೋ ಯಾಕೆ ಎಂಬ ಲೆಕ್ಕ ಬಂದೇ ಬರುತ್ತದೆ. ಅಂಗಡಿ ನಡೆಸುವವರ ಲೆಕ್ಕ ಅದು, ತಪ್ಪೆನ್ನಲಾರೆ. ಆದರೆ ಒಂಬತ್ತು ಊರಿನ ಅಜ್ಜಿಯರು ಬಸ್ಸು ಹತ್ತಿ ಎಲ್ಲಿಗೆ ಹೋಗಬೇಕು?

ಕೋಣೆ ಚಿಕ್ಕದಾಯಿತೆಂದು ನಾನು ಗೊಣಗುತ್ತಿದ್ದಾಗ ಮೊಮ್ಮಗಳು ಕೇಳಿದಳು, "ಮೊಟ್ಟಮೊದಲ ಸ್ಟುಡಿಯೋ ಎಷ್ಟು ದೊಡ್ಡದಿತ್ತಜ್ಜಿ?" ಆಗ ನನಗೆ ಮೈಸೂರು ನೆನಪಾಯಿತು, ಸ್ವಲ್ಪ ನಾಚಿಕೆಯೂ ಆಯಿತು. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ರೇಡಿಯೋ ಕೇಂದ್ರ ಶುರು ಮಾಡಿದ್ದು ತಮ್ಮ ಮನೆಯಲ್ಲೇ. ಮನೆಯ ಹೆಸರು 'ವಿಠಲ ವಿಹಾರ'. ಪ್ರಸಾರ ಯಂತ್ರದ ಶಕ್ತಿ 30 ವ್ಯಾಟ್. ಹಿಂದೆ ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ 60 ವ್ಯಾಟ್ ಬಲ್ಬಿನ ಅರ್ಧ! ಅಷ್ಟರಲ್ಲೇ ಊರಿನ ಸಾಹಿತ್ಯ, ಸಂಗೀತವನ್ನು ಊರಿಗೆ ಕೇಳಿಸಿದರು. ಆಮೇಲೆ ಕೇಂದ್ರ ಮೈಸೂರು ಸರ್ಕಾರದ ಕೈಗೆ ಹೋಗಿ, 1955ರಲ್ಲಿ ಬೆಂಗಳೂರಿಗೆ ಸಾಗಿತು. ಮೈಸೂರಿಗೆ ಮತ್ತೆ ಕೇಂದ್ರ ಬಂದದ್ದು 1974ರಲ್ಲಿ. ಆ ಮನೆಯ ಕೇಂದ್ರಕ್ಕಿಟ್ಟ 'ಆಕಾಶವಾಣಿ' ಎಂಬ ಹೆಸರೇ ದೇಶದ ರೇಡಿಯೋಗೆ ಹೆಸರಾಯಿತು. 2023ರ ಮೇ ತಿಂಗಳಲ್ಲಂತೂ 'ಆಲ್ ಇಂಡಿಯಾ ರೇಡಿಯೋ' ಎನ್ನುವುದನ್ನು ಬಿಟ್ಟು ಎಲ್ಲ ಕಡೆ 'ಆಕಾಶವಾಣಿ' ಎಂದೇ ಬಳಸಬೇಕೆಂದು ಆದೇಶವಾಯಿತು.

ಕೋಲಾರ ಜಿಲ್ಲೆಯ ಬೂದಿಕೋಟೆಯದು ಇನ್ನೂ ಸ್ವಾರಸ್ಯ. ಇಪ್ಪತ್ತು-ಇಪ್ಪತ್ತೈದು ವರ್ಷದ ಹಿಂದೆ ಹಳ್ಳಿಯವರು ತಾವೇ ರೇಡಿಯೋ ನಡೆಸಲು ಪರವಾನಗಿ ಸಿಗುತ್ತಿರಲಿಲ್ಲ. ಆ ಊರಿನವರು ಗಾಳಿಯ ಗೊಡವೆಯೇ ಬೇಡವೆಂದು ಮನೆಮನೆಗೆ ತಂತಿ ಎಳೆದು 'ನಮ್ಮ ಧ್ವನಿ' ಕೇಳಿಸಿದರು. 2006ರಲ್ಲಿ ಸಮುದಾಯ ರೇಡಿಯೋಗೆ ಹೊಸ ನೀತಿ ಬಂತು. ಅದರ ಪ್ರಕಾರ ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯರು ಸೇರಿ ಮಾಡಿದ್ದೇ ಆಗಿರಬೇಕು. ಅಂಥ ಕೇಂದ್ರವೊಂದನ್ನು ನಾನು ನೋಡಿದ್ದೇನೆ. ನಮ್ಮ ಹಳೆಯ ಉದ್ಘೋಷಣೆಯ ಕೋಣೆಯಷ್ಟೇ ಇತ್ತು. ಗೋಡೆಗೆ ಕಂಬಳಿ ಹೊಡೆದಿದ್ದರು. ಒಬ್ಬಾಕೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಹೈನುಗಾರಿಕೆಯ ಬಗ್ಗೆ ಮಾತಾಡುತ್ತಿದ್ದಳು. ನಡುವೆ ಮಗು ಅತ್ತಿತು, ಅದೂ ಪ್ರಸಾರವಾಯಿತು. ನಮ್ಮ ಕಾಲದಲ್ಲಿ ಹಾಗಾಗಿದ್ದರೆ ಉತ್ತರ ಬರೆದುಕೊಡಬೇಕಾಗುತ್ತಿತ್ತು.

ರಾಗಿಕಲ್ಲಿನ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಬೀರುವಿನ ರೆಕಾರ್ಡಿಂಗ್ ನಡೆದ ಕೆಲವೇ ದಿನಗಳಿಗೆ ಒಬ್ಬ ಯುವತಿ ನಮ್ಮ ಮನೆ ಹುಡುಕಿಕೊಂಡು ಬಂದಳು. ಆ ಅಜ್ಜಿಯ ಮರಿಮಗಳು, ನರ್ಸ್ ಕೆಲಸದಲ್ಲಿದ್ದಾಳೆ. ಅಜ್ಜಿ ತೀರಿಕೊಂಡು ಬಹಳ ವರ್ಷವಾಗಿದೆ. ಮನೆಯಲ್ಲಿ ಒಂದು ಫೋಟೋ ಇದೆಯಂತೆ, ದನಿ ಇಲ್ಲ. "ರೇಡಿಯೋದಲ್ಲಿ ಹಾಡಿದ್ದರು ಅಂತ ಅಪ್ಪ ಯಾವಾಗಲೂ ಹೇಳ್ತಾರೆ. ಸಿಗಬಹುದಾ ಅಮ್ಮಾ?" ಎಂದು ಕೇಳಿದಳು. ಅವಳಪ್ಪ ಎಂದರೆ ಅಂದು ಅಜ್ಜಿಯ ಕೈ ಹಿಡಿದು ಬಂದಿದ್ದ ಹುಡುಗ.

ನನಗೆ ಉತ್ತರ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಟೇಪು ದುಬಾರಿ. ಪ್ರಸಾರವಾದ ಮೇಲೆ ಮುಖ್ಯವೆನಿಸಿದ್ದನ್ನು ಉಳಿಸಿ, ಮಿಕ್ಕಿದ್ದನ್ನು ಅಳಿಸಿ ಮತ್ತೆ ಬಳಸುವುದು ಆಗಿನ ರೂಢಿ. ಆದರೂ ಹಳೆಯ ಪರಿಚಯದ ಮೇಲೆ ಹೋಗಿ ಕೇಳಿದೆ. ಪಾಪ, ಅಲ್ಲಿದ್ದ ಹುಡುಗ ಇಡೀ ಮಧ್ಯಾಹ್ನ ಧೂಳು ಕುಡಿದು ಹುಡುಕಿದ. ಟೇಪಿನ ಡಬ್ಬಿ ಸಿಕ್ಕಿತು. ಮೇಲೆ ಅಜ್ಜಿಯ ಹೆಸರನ್ನು ಹೊಡೆದುಹಾಕಿ ಕೆಳಗೆ ಬೇರೆ ಏನೋ ಕಾರ್ಯಕ್ರಮದ ಹೆಸರು ಬರೆದಿತ್ತು. ಹೊಡೆದುಹಾಕಿದ ಗೀಟು ನನ್ನದೇ ಪೆನ್ನಿನದಿರಬಹುದು, ಅಕ್ಷರ ನನ್ನದರಂತೆಯೇ ಇತ್ತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಹಾಡು ಸಿಕ್ಕಿದ್ದು ನಾವು ಯಾರೂ ಹುಡುಕದ ಕಡೆ. ಅಜ್ಜಿಯ ಊರಿನ ಹಿಟ್ಟಿನ ಗಿರಣಿಯವರ ಮನೆಯಲ್ಲಿ ಆಗ ಟೇಪ್ ರೆಕಾರ್ಡರ್ ಇತ್ತು. ನಮ್ಮೂರ ಅಜ್ಜಿ ರೇಡಿಯೋದಲ್ಲಿ ಬರುತ್ತಾಳೆಂದು ಯಾವುದೋ ಸಿನಿಮಾ ಹಾಡಿನ ಕ್ಯಾಸೆಟ್ಟಿನ ಮೇಲೆಯೇ ಹಿಡಿದಿಟ್ಟಿದ್ದರು. ರಾಗಿಕಲ್ಲಿಗೆ ಕೆಲಸ ತಪ್ಪಿಸಿದ ಗಿರಣಿಯವರೇ ಅದರ ಪದ ಉಳಿಸಿದ್ದರು! ಮರಿಮಗಳು ಕ್ಯಾಸೆಟ್ ತಂದಳು. ಟೇಪು ಸಡಿಲಾಗಿತ್ತು. ಮೊಮ್ಮಗಳಿಗೆ ಪೆನ್ಸಿಲ್ ತೂರಿಸಿ ಸುತ್ತುವುದನ್ನು ಕಲಿಸಿದೆ. ಅಟ್ಟದ ಮೇಲಿದ್ದ ಟೇಪ್ ರೆಕಾರ್ಡರ್ ಇಳಿಸಿ, ರಿಪೇರಿ ಮಾಡಿಸಿ, ಹಾಕಿದೆವು.

ಮೊದಲು ಬರೀ ಸರಸರ. ಆಮೇಲೆ ಒಂದು ಕೋಳಿ ಕೂಗು. "ಸುಮ್ನಿರೋ, ಅಜ್ಜಿ ಹಾಡ್ತಾವ್ಳೆ" ಎಂದು ಯಾರೋ ಮಗುವನ್ನು ಗದರಿದರು. ಅದರ ಹಿಂದಿನಿಂದ ಗರಗರ ಕಲ್ಲು, ಕಲ್ಲಿನ ಮೇಲೆ ಆ ದನಿ. ಮರಿಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪದ ಮುಗಿಯಿತು. "ಇದುವರೆಗೆ ರಾಗಿ ಬೀಸುವ ಪದಗಳನ್ನು ಕೇಳಿದಿರಿ, ಹಾಡಿದವರು..." ಎಂದು ನನ್ನ ಎಳೆಯ ದನಿ ಬಂತು. ಅಷ್ಟಕ್ಕೇ ಕಟ್ ಆಗಿ ಸಿನಿಮಾ ಹಾಡು ಶುರು.

"ಹೆಸರೇ ಇಲ್ವಲ್ಲಜ್ಜಿ!" ಎಂದಳು ಮೊಮ್ಮಗಳು.

ಅವಳೇ ಎದ್ದು ಹೋಗಿ ಗೋಡೆಬೀರುವಿನ ಬಾಗಿಲು ತೆಗೆದಳು. ಸೀರೆಗಳನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿದಳು. ಮಂಡಿನೋವಿನ ನಾನು ಸ್ಟೂಲು ಹಾಕಿಕೊಂಡು ಒಳಗೆ ಕೂತೆ. ಮೊಬೈಲ್ ಹಿಡಿದು ಅವಳು ಬೆರಳು ಮಡಿಸುತ್ತಾ ಮೂರು, ಎರಡು, ಒಂದು ಎಂದು ಸನ್ನೆ ಮಾಡಿದಳು. ನಾನು ಗಂಟಲು ಸರಿಮಾಡಿಕೊಂಡು ಅಜ್ಜಿಯ ಹೆಸರು, ಊರಿನ ಹೆಸರು ಎರಡನ್ನೂ ಹೇಳಿದೆ.

"ಇನ್ನೊಂದ್ಸಲ ಅಜ್ಜಿ, ಸೀರೆ ಸದ್ದು ಬಂತು" ಎಂದಳು.

ಇನ್ನೊಂದು ಸಲ ಹೇಳಿದೆ.