ತೂತು ಕೊರೆಯದೆ ಕಡಲಿನ ಆಳ ಕೇಳುವುದು

ದೋಣಿಯ ಮೈಗೆ ತೂತು ಕೊರೆಯುವ ಮಾತೆತ್ತಿದರೆ ಕಡಲ ಕರೆಯ ಜನರಿಗೆ ಹೇಗಾಗುತ್ತದೆಂಬುದು ಘಟ್ಟದ ಮೇಲಿನವನಾದ ನನಗೆ ಬಹುಕಾಲ ತಿಳಿದಿರಲಿಲ್ಲ. ಕುಂದಾಪುರದ ಕಡೆಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ನಾನು. ಆ ಊರಿನ ಮೀನು ತಿನ್ನದಿದ್ದರೂ ಅಲ್ಲಿನ ಅನ್ನ ತಿಂದಿದ್ದೇನೆ. ನಿವೃತ್ತನಾದ ಮೇಲೆ ಗಂಗೊಳ್ಳಿಯ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದು, ತನಗೂ ತನ್ನ ತಂದೆಗೂ ನಡುವೆ ಎದ್ದಿರುವ ವ್ಯಾಜ್ಯವನ್ನು ತೀರಿಸಿಕೊಡಬೇಕೆಂದು ಕೇಳಿದಾಗಲೇ ಅದು ನನ್ನ ಅರಿವಿಗೆ ಬಂದುದು.

ಸಂಗತಿ ಇಷ್ಟು. ಮಗನು ಸಾಲ ಮಾಡಿ ಒಂದು ಫಿಶ್ ಫೈಂಡರ್, ಎಂದರೆ ಮೀನು ಹುಡುಕುವ ಯಂತ್ರವನ್ನು ತಂದಿದ್ದನು. ಅದರಲ್ಲಿ ಚಿತ್ರ ಮೂಡುವ ಸಣ್ಣ ಪರದೆಯೊಂದು. ಅದರಿಂದ ಹೊರಟ ತಂತಿಯ ಕೊನೆಗೆ ಅಂಗೈಯಲ್ಲಿ ಅಡಗುವಷ್ಟು ದೊಡ್ಡ ಕಪ್ಪು ಬಿಲ್ಲೆಯೊಂದು. ಆ ಬಿಲ್ಲೆಗೆ ಟ್ರಾನ್ಸ್‌ಡ್ಯೂಸರ್ ಎಂದು ಹೆಸರು. ಅದನ್ನು ದೋಣಿಯ ಹಿಂಬದಿಯ ಹಲಗೆಗೆ ತಿರುಪು ಹಾಕಿ ಬಿಗಿಯಬೇಕು, ಅದಕ್ಕೆ ತೂತು ಕೊರೆಯಬೇಕು ಎಂದು ಕೂರಿಸಲು ಬಂದವನು ಹೇಳಿದನು. ತಂದೆ ಕೊರೆಯುವ ಯಂತ್ರವನ್ನು ಕಿತ್ತಿಟ್ಟುಕೊಂಡರು. ಒಂದೇ ದೋಣಿಯಲ್ಲಿ ಕಡಲಿಗೆ ಹೋಗುವ ತಂದೆ ಮಕ್ಕಳು ಎರಡು ವಾರ ಮಾತು ಬಿಟ್ಟಿದ್ದರು. ನಾನು ಹೋದಾಗ ಆ ಹಿರಿಯರು ಹೇಳಿದ್ದು ಒಂದೇ ಮಾತು: "ಹ್ವಾಯ್ ಮಾಷ್ಟ್ರೆ, ನೀವೇ ಹೇಳಿ ಕಾಂಬ. ನೀರ್ ಒಳಗ್ ಬಪ್ಪುಕಾಗ ಅಂದ್ಹೇಳಿ ದೋಣಿ ಮಾಡುದು. ಅದಕ್ಕೇ ಒಟ್ಟೆ ಮಾಡುದಾ?"

ಈ ಮಾತನ್ನು ಮುದುಕರ ಹಟವೆಂದು ತಳ್ಳಿಹಾಕುವಂತಿಲ್ಲ. ಫೈಬರ್‌ಗ್ಲಾಸ್ ದೋಣಿಯೆಂಬುದು ಗಾಜಿನ ಎಳೆಯ ಬಟ್ಟೆಯನ್ನು ಪದರಪದರವಾಗಿ ಹಾಸಿ, ಅಂಟುರಸದಲ್ಲಿ ತೋಯಿಸಿ, ಗಟ್ಟಿಗೊಳಿಸಿದ ವಸ್ತು. ಎಂಜಿನ್ನು ತೂಗುವ ಹಿಂಬದಿಯ ಹಲಗೆಗೆ ಬಲ ಸಾಲದೆಂದು ಆ ಪದರಗಳ ನಡುವೆ ಸಾಮಾನ್ಯವಾಗಿ ಪ್ಲೈವುಡ್ಡನ್ನು ಸೇರಿಸಿರುತ್ತಾರೆ. ತಿರುಪಿನ ತೂತನ್ನು ಸರಿಯಾಗಿ ಮುಚ್ಚದಿದ್ದರೆ ನೀರು ಇಂಗಿ ಒಳಗಿನ ಮರ ಕೊಳೆಯುತ್ತದೆ. ಹೊರಗೆ ಯಾವ ಗುರುತೂ ಕಾಣುವುದಿಲ್ಲ. ಕುಶಲಿಯಾದವನು ಕೊರೆದು ಚೆನ್ನಾಗಿ ಮುಚ್ಚಿದ ತೂತು ಹಲವು ವರ್ಷ ನಿಲ್ಲುತ್ತದೆಂಬುದೂ ನಿಜವೇ. ದೊಡ್ಡ ಹಡಗುಗಳಲ್ಲಿ ತಳವನ್ನೇ ಕೊರೆದು ಕೂರಿಸುವುದುಂಟು. ಆದರೆ ಮರಳಿನ ಮೇಲೆ ಎಳೆದು ಹಾಕುವ ದೋಣಿಯ ಬಾಳು ಹಡಗಿನ ಬಾಳಲ್ಲ.

ತೂತಿಲ್ಲದೆ ಇದು ಸಾಧ್ಯವೇ ಎಂದು ತಿಳಿಯಲು ಆ ಬಿಲ್ಲೆ ಮಾಡುವ ಕೆಲಸವೇನೆಂಬುದನ್ನು ಮೊದಲು ನೋಡಬೇಕು. ದೋಣಿಯವರು ಅದನ್ನು 'ಕಣ್ಣು' ಎನ್ನುತ್ತಿದ್ದರು. ಕನ್ನಡದ ಮೇಷ್ಟ್ರಾದ ನನಗೆ ಈ ಹೆಸರು ಒಪ್ಪಲಿಲ್ಲ. ಅದು ಏನನ್ನೂ ನೋಡುವುದಿಲ್ಲ, ಕೂಗುತ್ತದೆ ಮತ್ತು ಕೇಳುತ್ತದೆ. ಆದುದರಿಂದ ಬಾಯಿಯೂ ಹೌದು, ಕಿವಿಯೂ ಹೌದು. ಮನುಷ್ಯನ ಕಿವಿ ಕ್ಷಣಕ್ಕೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಮಾತ್ರ ಹಿಡಿಯಬಲ್ಲುದು. ಈ ಯಂತ್ರಗಳು ಹೆಚ್ಚಾಗಿ ಕೂಗುವುದು 50,000 ಅಥವಾ 2,00,000 ಕಂಪನಗಳಲ್ಲಿ. ಕೂಗು ನೆಲಕ್ಕೆ ತಾಗಿ ಹಿಂದಿರುಗಲು ಹಿಡಿದ ಕಾಲವನ್ನು ಎಣಿಸಿ ಯಂತ್ರವು ಆಳವನ್ನು ಹೇಳುತ್ತದೆ. ನೀರಿನಲ್ಲಿ ಧ್ವನಿಯ ವೇಗವನ್ನು 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲ್ಲಡಾನ್ ಎಂಬವನು ನೀರೊಳಗೆ ಗಂಟೆ ಬಾರಿಸಿ ಅಳೆದಿದ್ದನು. ಸಮುದ್ರದಲ್ಲಿ ಅದು ಸೆಕೆಂಡಿಗೆ ಸುಮಾರು 1,500 ಮೀಟರು. 15 ಮೀಟರ್ ಆಳದಲ್ಲಿ ಕೂಗು ಹೋಗಿ ಬರಲು ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗ ಸಾಕು.

ಈ ಧ್ವನಿಯು ಗಟ್ಟಿಯಾದ ಫೈಬರ್‌ಗ್ಲಾಸನ್ನು ತೂರಿಕೊಂಡು ಹೋಗಬಲ್ಲುದು. ಸ್ವಲ್ಪ ಸೊರಗುತ್ತದೆ, ಅಷ್ಟೆ. ಅದು ದಾಟಲಾರದ್ದು ಗಾಳಿಯನ್ನು. ನೀರಿನಿಂದ ಗಾಳಿಗೆ ದಾಟಬೇಕಾದಾಗ ಅದರ ಶಕ್ತಿಯಲ್ಲಿ ಸಾವಿರದ ಒಂದು ಪಾಲಿನಷ್ಟು ಮಾತ್ರ ಆಚೆಗೆ ಹೋಗುತ್ತದೆ, ಉಳಿದದ್ದೆಲ್ಲ ತಿರುಗಿ ಬರುತ್ತದೆ. ವಿಚಿತ್ರವೆಂದರೆ ಈ ಯಂತ್ರಕ್ಕೆ ಮೀನು ಸಿಕ್ಕುವುದೂ ಇದೇ ಕಾರಣದಿಂದ. ಅನೇಕ ಜಾತಿಯ ಮೀನುಗಳ ಹೊಟ್ಟೆಯಲ್ಲಿ, ತೇಲಲು ನೆರವಾಗುವ ಗಾಳಿಚೀಲವೊಂದಿರುತ್ತದೆ. ಮೀನಿನ ಮಾಂಸಕ್ಕಿಂತ ಆ ಚೀಲದ ಗಾಳಿಯೇ ಕೂಗನ್ನು ಹೆಚ್ಚಾಗಿ ಹಿಂದಿರುಗಿಸುತ್ತದೆ. 1948ರಲ್ಲಿ ಜಪಾನಿನ ನಾಗಾಸಾಕಿ ಪ್ರಾಂತದಲ್ಲಿ ಫುರುನೊ ಸಹೋದರರು ಇಂಥ ಯಂತ್ರವನ್ನು ಮೊದಲಿಗೆ ಮೀನುಗಾರರ ಬಳಕೆಗೆ ತಂದರು. ಮೀನಿನೊಳಗೆ ನಮಗೆ ಬೇಕಾದ ಗಾಳಿ ಬಿಲ್ಲೆಗೂ ದೋಣಿಗೂ ನಡುವೆ ಇದ್ದರೆ ಮಾತ್ರ ಶತ್ರು.

ಆದ್ದರಿಂದ ತೂತಿಲ್ಲದೆ ಕೂರಿಸುವ ವಿದ್ಯೆಯೆಲ್ಲ ಗಾಳಿಯನ್ನು ಹೊರದೂಡುವ ವಿದ್ಯೆ. ದಾರಿಗಳು ಬೇರೆಯೂ ಇವೆ. ಕೊಳವೆಯ ತುದಿಗೆ ಬಿಲ್ಲೆ ಕಟ್ಟಿ ದೋಣಿಯ ಪಕ್ಕಕ್ಕೆ ಇಳಿಬಿಡಬಹುದು. ದಪ್ಪ ಪ್ಲಾಸ್ಟಿಕ್ ಹಲಗೆಯೊಂದನ್ನು ಹಿಂಬದಿಗೆ ಅಂಟಿಸಿ, ತಿರುಪನ್ನು ಆ ಹಲಗೆಗೆ ಮಾತ್ರ ಹಾಕಬಹುದು. ಕೆರೆಯಲ್ಲಿ ಗಾಳ ಹಾಕುವವರಿಗೆ ಇವು ಸಾಕು. ಬಲೆ ಬಿಡುವವರಿಗೆ ಹೊರಗೆ ಚಾಚಿಕೊಂಡ ಪ್ರತಿಯೊಂದು ಮೂಲೆಯೂ ಬಲೆ ಸಿಕ್ಕುವ ಮುಳ್ಳು. ದಡಕ್ಕೆ ಎಳೆಯುವಾಗ ಮುರಿಯುವುದೂ ಅದೇ. ನಾವು ಮೂವರೂ ಒಪ್ಪಿದ್ದು ಬಿಲ್ಲೆಯನ್ನು ದೋಣಿಯ ಒಳಗೇ, ತಳಕ್ಕೆ ಅಂಟಿಸುವ ಕ್ರಮವನ್ನು.

ಇದಕ್ಕೆ ಕೆಲವು ನಿಬಂಧನೆಗಳುಂಟು. ಮರದ ದೋಣಿಯಲ್ಲಿ ಇದು ನಡೆಯದು. ಮರದ ನಾರಿನ ತುಂಬ ಗಾಳಿ ಅಡಗಿದೆ. ಫೈಬರ್ ದೋಣಿಯಲ್ಲಿಯೂ ಪದರಗಳ ನಡುವೆ ನೊರೆಯಂಥ ಹಗುರ ವಸ್ತುವನ್ನು ತುಂಬಿದ ಕಡೆ ನಡೆಯದು. ತಳ ಗಟ್ಟಿಯಾಗಿರುವುದು ಎಲ್ಲಿ ಎಂದು ದೋಣಿ ಕಟ್ಟಿದವರನ್ನೇ ಕೇಳಿದೆವು. ಸ್ಥಳವು ಹಿಂಭಾಗದಲ್ಲಿ, ತಳದ ನಡುಗೆರೆಯ ಪಕ್ಕದಲ್ಲಿ, ದೋಣಿ ಓಡುವಾಗಲೂ ನೀರು ಬಿಡದೆ ತಾಗುವಲ್ಲಿ ಇರಬೇಕು. ಎಂಜಿನ್ ರೆಕ್ಕೆಯ ನೊರೆಗೆ ದೂರವಾಗಿರಬೇಕು. ಬಿಲ್ಲೆಯ ಮುಖ ನೇರವಾಗಿ ಕೆಳಗೆ ನೋಡಬೇಕು.

ಅಂಟಿಸುವ ಮೊದಲು ಪರೀಕ್ಷೆ ಮಾಡುವುದು ಜಾಣತನ. ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಗಾಳಿಯಿಲ್ಲದಂತೆ ಕಟ್ಟಿ, ಒದ್ದೆ ಮಾಡಿದ ತಳದ ಮೇಲಿಟ್ಟು, ಬಿಲ್ಲೆಯನ್ನು ಅದರ ಮೇಲೆ ಒತ್ತಿ ಹಿಡಿಯಬೇಕು. ಅನಂತರ ಅದೇ ಜಾಗದಲ್ಲಿ ಬಿಲ್ಲೆಯನ್ನು ದೋಣಿಯ ಹೊರಗೆ ನೀರಿಗಿಳಿಸಿ ನೋಡಬೇಕು. ಎರಡೂ ಸಲ ಪರದೆ ಹೆಚ್ಚುಕಡಿಮೆ ಒಂದೇ ಆಳ ಹೇಳಿದರೆ ಆ ಜಾಗ ಒಳ್ಳೆಯದು.

ನಮ್ಮ ಮೊದಲ ಅಂಟು ಕೆಟ್ಟಿತು. ಆತುರದಲ್ಲಿ ಬೇಗ ಗಟ್ಟಿಯಾಗುವ ಅಂಟನ್ನು ಹಾಕಿದ್ದೆವು. ಗುಳ್ಳೆಗಳು ಮೇಲೇಳಲು ಅದು ಸಮಯ ಕೊಡಲಿಲ್ಲ. ಪರದೆಯ ಮೇಲೆ ಕಡಲೇ ಇಲ್ಲ! ತಂದೆ ಏನೂ ಹೇಳಲಿಲ್ಲ, ನನ್ನ ಮುಖ ನೋಡಿದರು. ಉಳಿಯಿಂದ ಮೆಲ್ಲಗೆ ಎಬ್ಬಿಸಿದಾಗ ಅಂಟಿನಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳ ಸಾಲೇ ಇತ್ತು. ಎರಡನೆಯ ಸಲ ತಳದ ಬಣ್ಣವನ್ನು ಉಜ್ಜುಕಾಗದದಿಂದ ತೆಗೆದು, ಜಿಡ್ಡು ಒರೆಸಿ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯನ್ನು ಮಡುವಿನಂತೆ ಹುಯ್ದು, ಬಿಲ್ಲೆಯನ್ನು ಓರೆಯಾಗಿ ಇಳಿಸಿ ತಿರುಚುತ್ತ ಒತ್ತಿದೆವು. ಮೇಲೆ ಕಲ್ಲು ಹೇರಿ ಒಂದು ರಾತ್ರಿ ಬಿಟ್ಟೆವು. ಮೆತ್ತನೆಯ ಸಿಲಿಕೋನ್ ಅಂಟು ಇದಕ್ಕೆ ಬೇಡ, ಅದು ಧ್ವನಿಯನ್ನು ನುಂಗುತ್ತದೆ.

ಕಡಲಿನ ಮೀನನ್ನು ಹೀಗೆ ಕೂಗಿ ಹುಡುಕುವುದು ಒಳಿತೇ ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆ, ನನಗೂ ಅಳುಕಿದೆ. ಆದರೆ ಮರಳು ದಿಬ್ಬ ಜಾಗ ಬದಲಿಸುತ್ತಿರುವ ಅಳಿವೆಯನ್ನು ಕತ್ತಲೆಯಲ್ಲಿ ದಾಟುವವನಿಗೆ, ತಳದ ಕೆಳಗೆ ಎಷ್ಟು ನೀರಿದೆಯೆಂದು ತಿಳಿಯುವುದು ಮೀನಿಗಿಂತ ದೊಡ್ಡ ಲಾಭ. ತಂದೆ ಸೋತದ್ದು ಆ ಮಾತಿಗೆ.

ಮರುದಿನ ಅಳಿವೆಯ ಹೊರಗೆ ಎಂಜಿನ್ನು ನಿಲ್ಲಿಸಿದಾಗ ಅವರು ತಮ್ಮ ಹಳೆಯ ಸೀಸದ ಗುಂಡನ್ನು ಹಗ್ಗದಲ್ಲಿ ಇಳಿಸಿ, ಎಳೆದು, ಚಾಚಿದ ತೋಳುಗಳಲ್ಲಿ ಅಳೆದರು. ಆರು ಮಾರು. ಪರದೆಯಲ್ಲಿ ಹತ್ತೂವರೆ ಮೀಟರು. ಬಿಲ್ಲೆ ಅಳೆಯುವುದು ನೀರಿನ ಮೇಲ್ಮೈಯಿಂದಲ್ಲ, ದೋಣಿಯ ತಳದಿಂದ ಎಂದು ಮಗ ವಿವರಿಸಿದನು. ಅವರು ತಲೆಯಾಡಿಸಿದರು. ಪರದೆಯ ಮೂಲೆಯಲ್ಲಿ ಇನ್ನೊಂದು ಅಂಕಿಯಿತ್ತು, ನೀರಿನ ಬಿಸಿಯದು. ಒಳಗೆ ಅಂಟಿಸಿದ ಬಿಲ್ಲೆಗೆ ಹೊರಗಿನ ನೀರು ತಾಗುವುದಿಲ್ಲವಾದ್ದರಿಂದ ಅದನ್ನು ನಂಬುವಂತಿಲ್ಲವೆಂದು ನಾನು ಹೇಳಿದೆ. ಹಿರಿಯರು ಕೈಯನ್ನು ಕಡಲಿಗೆ ಅದ್ದಿ ನೋಡಿ, ಗುಂಡನ್ನು ಒರೆಸಿ, ಅದರ ಜಾಗದಲ್ಲಿಯೇ ಇಟ್ಟರು.